ಲಿಖಿತ ರೂಪದಲ್ಲಿ ಕೊಡಿ

ದ್ವೀಪದ ಉದ್ಯಾನ ಮತ್ತು ಕಡಲತೀರ ಇಲಾಖೆಯ ಕಚೇರಿ ಇದ್ದದ್ದು ಒಂದು ಐಸ್ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಯಂತ್ರ ಶುರುವಾದಾಗಲೆಲ್ಲ ಮೇಲೆ ಮೇಜುಗಳು ಸಣ್ಣಗೆ ನಡುಗುತ್ತಿದ್ದವು, ಲೋಟದ ಚಹಾದಲ್ಲಿ ಅಲೆ ಏಳುತ್ತಿತ್ತು. ಆ ಕಚೇರಿಯ ದೂರು ವಿಭಾಗಕ್ಕೆ ಹನ್ನೊಂದು ವರ್ಷದಿಂದ ಒಬ್ಬಳೇ ಗುಮಾಸ್ತೆ. ಬಂದ ದೂರಿಗೆಲ್ಲ ಉತ್ತರ ಬರೆಯುವವಳೆಂದು ಎಲ್ಲರೂ ಅವಳನ್ನು ಉತ್ತರಕ್ಕ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ದೂರುಗಳಾದರೂ ಎಂಥವು! ಬೀಚಿನಲ್ಲಿ ಮರಳು ವಿಪರೀತವಾಗಿದೆ ಎಂದು ಒಬ್ಬರು. ಏಡಿಯೊಂದು ಅರ್ಧ ಗಂಟೆ ತಮ್ಮನ್ನೇ ದುರುಗುಟ್ಟಿಕೊಂಡು ನೋಡಿತು, ಸೂಕ್ತ ಕ್ರಮ ಕೈಗೊಳ್ಳಬೇಕು ಎಂದು ಇನ್ನೊಬ್ಬರು. ಬೆಟ್ಟದ ದಾರಿ ಹೋಗುವಾಗ ಬರೀ ಏರು, ಇದನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಮತ್ತೊಬ್ಬರು. ಇವರಿಗೆಲ್ಲ ಕೊಡಲು ಉತ್ತರಕ್ಕನ ಬಳಿ ಮೂರೇ ಉತ್ತರ. ಒಂದನೆಯದು, ನಿಮ್ಮ ಪತ್ರ ತಲುಪಿದೆ. ಎರಡನೆಯದು, ವಿಷಯ ಪರಿಶೀಲನೆಯಲ್ಲಿದೆ. ಬಿಡದೆ ಬೆನ್ನು ಹತ್ತುವವರಿಗೆ ಮೂರನೆಯದು, ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಆ ಸಂಬಂಧಪಟ್ಟವರು ಯಾರು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಯಾರಾದರೂ ಫೋನು ಮಾಡಿದರೆ ಅವರು ಬಾಯಿ ಬಿಡುವ ಮೊದಲೇ, “ಫೋನಲ್ಲಿ ದೂರು ತಗೊಳ್ಳಲ್ಲ, ಲಿಖಿತ ರೂಪದಲ್ಲಿ ಕೊಡಿ” ಎಂದು ಇಟ್ಟುಬಿಡುತ್ತಿದ್ದಳು. ಇಲಾಖೆಗೆ ಸೇರಿದ ಹತ್ತೊಂಬತ್ತು ಬೀಚು, ಏಳು ಪಾರ್ಕು, ಹನ್ನೊಂದು ಕಾಲುದಾರಿಗಳಲ್ಲಿ ಅವಳು ಕಣ್ಣಾರೆ ನೋಡಿದ್ದು ಒಂದೇ ಒಂದು, ಮನೆ ಹತ್ತಿರದ ಪಾರ್ಕು. ಅದೂ ಅಲ್ಲಿಂದ ಬಸ್ಸಿಗೆ ಅಡ್ಡದಾರಿ ಇದೆಯೆಂದು.

ಈ ಮೂರು ಉತ್ತರಗಳಿಗೂ ಬಗ್ಗದ ಆಸಾಮಿ ಒಬ್ಬರಿದ್ದರು. ನಿವೃತ್ತ ಮೋಜಣಿದಾರ. ಜೀವಮಾನವಿಡೀ ಜಮೀನು ಅಳೆದು, ಎರಡು ವರ್ಷದ ಹಿಂದೆ ಹೆಂಡತಿಯ ಜೊತೆ ದ್ವೀಪಕ್ಕೆ ಬಂದು ನೆಲೆಸಿದವರು. ಅಂದಿನಿಂದ ಇಲ್ಲಿಯವರೆಗೆ ಅರವತ್ತಮೂರು ಪತ್ರ ಬರೆದಿದ್ದರು. ಒಂದೊಂದೂ ಎರಡು ಹಾಳೆ, ಅಂಚಿನಲ್ಲಿ ನಕ್ಷೆ, ಕೆಳಗೆ ಅಳತೆಯ ಕೋಷ್ಟಕ. ಕಚೇರಿಯಲ್ಲಿ ಅವರ ಹೆಸರು ಅಳತೆಗೋಲು. “ಉತ್ತರಕ್ಕ, ನಿಮ್ಮ ಅಳತೆಗೋಲಿಂದ ಪ್ರೇಮಪತ್ರ” ಎಂದು ಟಪಾಲು ಗುಮಾಸ್ತ ಲಕೋಟೆಯನ್ನು ಮೇಜಿನ ಮೇಲೆ ಎಸೆದಾಗಲೆಲ್ಲ ಅವಳ ಮೈಯೆಲ್ಲ ಉರಿಯುತ್ತಿತ್ತು. ಮೊದಲ ಹಾಳೆಯ ಮೊದಲ ಸಾಲು ಓದಿ, ಮೂರರಲ್ಲಿ ಒಂದು ಉತ್ತರ ಹೊಡೆದು ಕಳಿಸುತ್ತಿದ್ದಳು.

ಅರವತ್ತನಾಲ್ಕನೆಯ ಪತ್ರವನ್ನು ಅಳತೆಗೋಲು ನೇರವಾಗಿ ಮೇಲಿನವರಿಗೇ ಕಳಿಸಿದರು. ಮೇಲಿನವರು ಅದನ್ನು ಸಾಹೇಬರಿಗೆ ಕಳಿಸಿದರು. ಸಾಹೇಬರು ಉತ್ತರಕ್ಕನನ್ನು ಒಳಗೆ ಕರೆದರು.

“ನೋಡಿ ಮೇಡಂ, ಒಂದು ಉಪಾಯ ಮಾಡಿದೀನಿ. ನೀವು ಮೂರು ದಿನ ಈ ಮನುಷ್ಯನ ಜೊತೆ ಜೀಪಲ್ಲಿ ತಿರುಗಿ. ಅವರು ಎಲ್ಲೆಲ್ಲಿ ತೋರಿಸ್ತಾರೋ ನೋಡಿ, ಹೂಂ ಹೂಂ ಅನ್ನಿ. ಕೊನೇಲಿ ‘ನನಗೆ ತೃಪ್ತಿಯಾಗಿದೆ’ ಅಂತ ಈ ಕಾಗದದ ಮೇಲೆ ಒಂದು ಸಹಿ ಹಾಕಿಸ್ಕೊಂಡು ಬಂದ್ಬಿಡಿ. ಮುಗೀತು.”

“ಸಾರ್, ನನ್ನ ಸೀಟು ಯಾರು ನೋಡ್ಕೋತಾರೆ?”

“ಟಪಾಲಿನವನು ನೋಡ್ಕೋತಾನೆ. ಏನಿದೆ ಅಲ್ಲಿ ನೋಡ್ಕೊಳ್ಳೋಕೆ? ಫೋನು ಬಂದ್ರೆ ಲಿಖಿತ ರೂಪದಲ್ಲಿ ಕೊಡಿ ಅನ್ನಬೇಕು, ಅಷ್ಟೇ ತಾನೆ?”

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. “ಬೀಚು ನೋಡ್ಕೊಂಡು ಬಾ ಅಂತ ಸಂಬಳ ಕೊಟ್ಟು ಕಳಿಸ್ತಾರಾ? ನಾನೂ ಬರ್ಲೇನೇ?”

“ಬನ್ನಿ ಅತ್ತೆ. ನನ್ನ ಬದಲಿಗೆ ನೀವೇ ಹೋಗ್ಬಿಡಿ” ಎಂದಳು ಉತ್ತರಕ್ಕ, ತಮಾಷೆಗಲ್ಲ.

ಮೊದಲ ದಿನ ಬೆಳಿಗ್ಗೆ ಜೀಪು ಬಸ್ ನಿಲ್ದಾಣದ ಹತ್ತಿರ ನಿಂತಾಗ ದಂಪತಿ ಆಗಲೇ ಅಲ್ಲಿದ್ದರು. ಅಳತೆಗೋಲು ನಿಜಕ್ಕೂ ಕೋಲಿನ ಹಾಗೇ ಇದ್ದರು, ನೆಟ್ಟಗೆ, ಸಪೂರವಾಗಿ. ಕೈಯಲ್ಲಿ ಉದ್ದ ಹಿಡಿಯ ಒಂದು ಚಕ್ರ. ಉರುಳಿಸಿಕೊಂಡು ನಡೆದರೆ ಮೀಟರಿಗೊಮ್ಮೆ ಟಕ್ ಎನ್ನುವಂಥದ್ದು. ಪಕ್ಕದಲ್ಲಿ ಅವರ ಹೆಂಡತಿ, ಗುಂಡಗೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಮಡಚುವ ಸ್ಟೂಲು, ಹೆಗಲಲ್ಲಿ ಚೀಲ.

“ಏಳೂವರೆ ಅಂದಿದ್ರಿ ಮೇಡಂ. ಏಳು ಮೂವತ್ತಾರು” ಎಂದರು ಅಳತೆಗೋಲು. ನಮಸ್ಕಾರಕ್ಕಿಂತ ಮುಂಚೆ.

“ಶುರುವಾಯ್ತಾ?” ಎಂದರು ಹೆಂಡತಿ ಆಕಾಶ ನೋಡಿಕೊಂಡು. ಆಮೇಲೆ ಉತ್ತರಕ್ಕನ ಕಡೆ ತಿರುಗಿ, “ನೀನು ಹಿಂದೆ ನನ್ನ ಪಕ್ಕ ಕೂತ್ಕೊಳಮ್ಮ. ಇವರು ಮುಂದೆ ಕೂತು ಡ್ರೈವರ್ ತಲೆ ತಿನ್ನಲಿ” ಎಂದರು.

ಮೊದಲ ಬೀಚು ಬಂಡೆಯೊಂದರ ಬುಡದಲ್ಲಿತ್ತು. ಮೇಲೆ ಇಲಾಖೆಯ ಬೋರ್ಡು, ಕಡಲತೀರಕ್ಕೆ ಇನ್ನೂರು ಮೆಟ್ಟಿಲು. “ಇನ್ನೂರ ಮೂವತ್ತೊಂದು” ಎಂದರು ಅಳತೆಗೋಲು. “ಹನ್ನೊಂದನೇ ಪತ್ರ. ಈಗ ನೀವೇ ಎಣಿಸಿ, ನಾನು ಬಾಯಿ ಬಿಡೋದಿಲ್ಲ.”

ಹೆಂಡತಿ ಸ್ಟೂಲು ಬಿಡಿಸಿ ಮೇಲೆಯೇ ಕೂತರು. “ಸಮುದ್ರ ಇಲ್ಲಿಂದ್ಲೂ ಅಷ್ಟೇ ದೊಡ್ಡದು, ನೀವು ಹೋಗಿ ಬನ್ನಿ.”

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಉತ್ತರಕ್ಕ ಎಣಿಸುತ್ತ ಇಳಿದಳು. ನೂರಹದಿನೇಳಕ್ಕೆ ಬಂದಾಗ ಮುಖಕ್ಕೆ ಒಂದು ಜೇಡರ ಬಲೆ ಬಡಿಯಿತು. ಥೂ ಎಂದು ಒರೆಸಿಕೊಳ್ಳುವಷ್ಟರಲ್ಲಿ ಎಣಿಕೆ ತಪ್ಪಿತು.

“ನೂರಹದಿನೇಳೋ, ನೂರ ಇಪ್ಪತ್ತೇಳೋ ಸಾರ್?”

“ನಾನು ಹೇಳಿದ್ರೆ ಅದು ಸಾಕ್ಷಿ ಆಗೋದಿಲ್ಲ. ಮೇಲಿಂದ ಮತ್ತೆ ಎಣಿಸಬೇಕು.”

“ಸಾರ್!”

“ನಾನು ಇಲ್ಲೇ ನಿಂತಿರ್ತೀನಿ.”

ಅವಳು ಹಲ್ಲು ಕಡಿಯುತ್ತ ಮೇಲೆ ಹತ್ತಿದಳು. ಹೆಂಡತಿ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟು, “ಕುಡಿ, ನಂಗೆ ನಾಲ್ಕು ಸಲ ಹತ್ತಿಸಿದ್ರು” ಎಂದಷ್ಟೇ ಹೇಳಿದರು. ಎರಡನೇ ಸಲ ಅವಳು ಜೋರಾಗಿ, ರಾಗವಿಲ್ಲದೆ, ಕೋಪದಿಂದ ಎಣಿಸಿಕೊಂಡು ಇಳಿದಳು. ಇನ್ನೂರ ಮೂವತ್ತೊಂದು. ಕೊನೆಯ ಮೆಟ್ಟಿಲಲ್ಲಿ ನಿಂತು ಅವಳಿಗೆ ಅಳು ಬರುವುದೊಂದು ಬಾಕಿ. ಮೆಟ್ಟಿಲು ಜಾಸ್ತಿಯಿದ್ದರೇನಂತೆ, ಯಾರ ಗಂಟು ಹೋಯಿತು, ಎಂದು ಕೇಳಬೇಕೆನಿಸಿತು. ಸಾಹೇಬರು ಹೂಂ ಅನ್ನಿ ಎಂದಿದ್ದರು. ಹೂಂ ಎಂದಳು.

ಎರಡನೆಯ ಬೀಚಿನಲ್ಲಿ ಸ್ನಾನದ ಷವರು ಇತ್ತು, ನೀರಿರಲಿಲ್ಲ. ಮೂರನೆಯದರಲ್ಲಿ ‘ಇಲ್ಲಿ ಸೆಳೆತ ಜಾಸ್ತಿ, ಈಜಬೇಡಿ’ ಎಂಬ ದೊಡ್ಡ ಬೋರ್ಡು ಸಮುದ್ರದ ಕಡೆ ಮುಖ ಮಾಡಿ ನಿಂತಿತ್ತು. ಓದಬೇಕೆಂದರೆ ನೀರಿಗಿಳಿದು, ಒಂದಷ್ಟು ದೂರ ಈಜಿ, ಹಿಂತಿರುಗಿ ನೋಡಬೇಕು. ಉತ್ತರಕ್ಕನಿಗೆ ತಡೆಯಲಾರದೆ ನಗು ಬಂತು. ಅಳತೆಗೋಲು ನಗಲಿಲ್ಲ.

“ಇಪ್ಪತ್ತೆರಡನೇ ಪತ್ರ. ‘ವಿಷಯ ಪರಿಶೀಲನೆಯಲ್ಲಿದೆ’ ಅಂತ ಬರೆದಿದ್ರಿ. ಯಾರು ಪರಿಶೀಲಿಸ್ತಾ ಇದ್ದಾರೆ ಮೇಡಂ, ಮೀನುಗಳಾ?”

ಅವಳ ನಗು ಅಲ್ಲೇ ನಿಂತಿತು.

ಎರಡನೆಯ ದಿನ ಪಾರ್ಕುಗಳು. ಗುಡ್ಡದ ಮೇಲಿನ ಪಾರ್ಕಿನಲ್ಲಿ ಹದಿನೆಂಟು ಬೆಂಚು, ಹದಿನೆಂಟೂ ಸಮುದ್ರಕ್ಕೆ ಬೆನ್ನು ಹಾಕಿ ಪಂಪ್‌ಹೌಸಿನ ಗೋಡೆಯನ್ನು ನೋಡುತ್ತಿದ್ದವು. ಇನ್ನೊಂದರಲ್ಲಿ ಮಕ್ಕಳ ಜಾರುಬಂಡೆಯ ತುದಿ ನೇರವಾಗಿ ಒಂದು ಮುಳ್ಳುಪೊದೆಗೆ ಇಳಿಯುತ್ತಿತ್ತು. ಅಳತೆಗೋಲು ಪ್ರತಿಯೊಂದನ್ನೂ ಅಳೆದರು, ಬರೆದರು, ಅವಳಿಂದ ಓದಿಸಿದರು. ಅವರು ತಪ್ಪು ಹೇಳುತ್ತಿದ್ದರೆ ಎಷ್ಟೋ ವಾಸಿಯಿತ್ತು. ಒಂದೊಂದೂ ಸರಿಯಾಗಿರುವುದೇ ಅವಳಿಗೆ ತಲೆನೋವಾಗಿತ್ತು.

ಮಧ್ಯಾಹ್ನ ಗಂಡ ಬೇಲಿ ಅಳೆಯಲು ಹೋದಾಗ ಹೆಂಗಸರಿಬ್ಬರೂ ಮರದ ನೆರಳಲ್ಲಿ ಕೂತರು.

“ಮನೇಲೂ ಹೀಗೇನಾ ಅಮ್ಮ?”

“ಮನೇಲಿ ಇದಕ್ಕಿಂತ ಕಡೆ. ಬಚ್ಚಲ ನಲ್ಲಿ ಸೋರುತ್ತೆ. ನಿಮಿಷಕ್ಕೆ ಎಷ್ಟು ಹನಿ, ದಿನಕ್ಕೆ ಎಷ್ಟು ಲೀಟರು, ಎಲ್ಲ ಬರೆದು ಗೋಡೆಗೆ ಅಂಟಿಸಿದಾರೆ. ವಾಷರ್ ಮಾತ್ರ ಬದಲಾಯಿಸಲ್ಲ.”

“ಮತ್ತೆ ನೀವ್ಯಾಕೆ ಇವರ ಜೊತೆ ಈ ಬಿಸಿಲಲ್ಲಿ ಬರ್ತೀರಿ?”

ಆಕೆ ಛತ್ರಿ ಮಡಚಿ ಪಕ್ಕಕ್ಕಿಟ್ಟರು. “ಈ ಊರಿಗೆ ಬರಬೇಕು ಅಂತ ಆಸೆಪಟ್ಟಿದ್ದೇ ನಾನು. ಬೀಚು, ಕಾಡು, ಜಲಪಾತ, ಎಲ್ಲ ಕಣ್ತುಂಬ ನೋಡ್ಕೊಂಡು ಇರೋಣ ಅಂತ. ಇವರು ನೋಡೋಕೆ ಬಂದಿಲ್ಲ, ತಪಾಸಣೆಗೆ ಬಂದಿದಾರೆ. ನಾನು ಬಿಟ್ರೆ ಇವರ ಜೊತೆ ಮಾತಾಡೋರು ಯಾರೂ ಇಲ್ಲ ಕಣಮ್ಮ. ನೀವು ಬರೀತಿದ್ರಲ್ಲ, ‘ನಿಮ್ಮ ಪತ್ರ ತಲುಪಿದೆ’ ಅಂತ, ಅದನ್ನ ಎರಡೆರಡು ಸಲ ಓದ್ತಾರೆ.”

ಉತ್ತರಕ್ಕ ಕಾಲ ಬಳಿಯ ಹುಲ್ಲು ಕೀಳತೊಡಗಿದಳು.

ಸಂಜೆ ಜೀಪು ಹತ್ತುವ ಮುನ್ನ ಕಾಗದ ಮುಂದೆ ಚಾಚಿ, “ಸಾರ್, ದಯವಿಟ್ಟು ಒಂದು ಸಹಿ. ನಾಳೆ ನಿಮಗೂ ವಿಶ್ರಾಂತಿ, ನನಗೂ ವಿಶ್ರಾಂತಿ” ಎಂದು ಬೇಡಿದಳು. ಅಳತೆಗೋಲು ಅದನ್ನು ಓದಿ ವಾಪಸು ಕೊಟ್ಟರು. “ಮೂವತ್ತಾರು ವರ್ಷದ ಸರ್ವೀಸಲ್ಲಿ ನೋಡದೆ ಸಹಿ ಹಾಕಿಲ್ಲ ಮೇಡಂ. ತೃಪ್ತಿ ಎಲ್ಲಿದೆ, ತೋರಿಸಿ, ಹಾಕ್ತೀನಿ. ನಾಳೆ ಕಾಲುದಾರಿ.”

ಮೂರನೆಯ ದಿನ ಜಲಪಾತದ ದಾರಿಯ ಬಾಯಲ್ಲಿ ಇಳಿದರು. ಬೋರ್ಡಿನಲ್ಲಿ ‘ಜಲಪಾತಕ್ಕೆ ೧.೨ ಕಿ.ಮೀ. ಸುಲಭದ ದಾರಿ’ ಎಂದಿತ್ತು. ಹಿಂದೆ ಬಂದಾಗಲೆಲ್ಲ ಹೆಂಡತಿ ಈ ಬೋರ್ಡಿನ ಕೆಳಗೇ ಸ್ಟೂಲು ಹಾಕಿಕೊಂಡು ಕೂತಿದ್ದರಂತೆ. ಆ ದಿನ ಸ್ಟೂಲನ್ನು ಜೀಪಿನಲ್ಲೇ ಬಿಟ್ಟರು.

“ಇವತ್ತು ನಾನೂ ಬರ್ತೀನಿ. ಎರಡು ವರ್ಷದಿಂದ ಬರೀ ಅದರ ಅಳತೆ ಕೇಳಿ ಕೇಳಿ ಸಾಕಾಗಿದೆ, ಒಂದು ಸಲ ನೀರನ್ನೂ ನೋಡ್ತೀನಿ.”

“ಎರಡೂ ಮುಕ್ಕಾಲು ಕಿಲೋಮೀಟರ್ ಆಗುತ್ತೆ. ನಿನ್ನ ಮಂಡಿ...”

“ನನ್ನ ಮಂಡಿ ಅಳೀಬೇಡಿ.”

ಕಾಡಿನೊಳಗೆ ಗಾಳಿಯೇ ಇರಲಿಲ್ಲ. ಬೆವರು ಇಳಿಯುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ, ಮೈಗೆ ಬಟ್ಟೆಯ ಹಾಗೆ ಅಂಟಿಕೊಂಡಿತ್ತು. ಸೊಳ್ಳೆ ಕಿವಿಯಲ್ಲೇ ಮನೆ ಮಾಡಿದ್ದವು. ದಾರಿಗೆ ಅಡ್ಡವಾಗಿ ತೊಡೆಗಾತ್ರದ ಬೇರುಗಳು. ಅಳತೆಗೋಲಿನ ಚಕ್ರ ಒಂದೊಂದು ಬೇರಿನ ಮೇಲೂ ಹಾರಿ ಬೀಳುತ್ತಿತ್ತು. ಉತ್ತರಕ್ಕನಿಗೆ ಎರಡು ದಿನದ ಸಿಟ್ಟೆಲ್ಲ ಸೇರಿ ಆಗ ಬಾಯಿಗೆ ಬಂತು.

“ಸಾರ್, ಚಕ್ರ ಬೇರಿನ ಮೇಲೆ ಹತ್ತಿ ಇಳಿದ್ರೆ ಜಾಸ್ತಿ ತೋರಿಸಲ್ವಾ? ನಿಮ್ಮ ಲೆಕ್ಕವೂ ತಪ್ಪೇ!”

ಅಳತೆಗೋಲು ಅಲ್ಲೇ ನಿಂತುಬಿಟ್ಟರು. “ಕಾಲೂ ಬೇರಿನ ಮೇಲೆ ಹತ್ತಿ ಇಳಿಯುತ್ತೆ ಮೇಡಂ. ನಡೆಯೋನಿಗೆ ಯಾವುದು ದೂರವೋ ಅದೇ ದೂರ.”

“ಹಾಗಾದ್ರೆ ಕುಂಟ್ಕೊಂಡು ನಡೆದ್ರೆ ಇನ್ನೂ ದೂರಾನಾ?”

“ಪ್ರಶ್ನೆ ಸರಿಯಾಗಿದೆ. ಚಕ್ರ ಹಾರೋದಕ್ಕೆ ಅಂತ ಶೇಕಡಾ ಮೂರು ಕಳೀಬೇಕು. ನಾನು ಕಳೆದಿದ್ದೀನಿ, ಮೂವತ್ತನೇ ಪತ್ರದ ಎರಡನೇ ಹಾಳೆ ನೋಡಿ. ನೋಡಿದ್ರೆ ತಾನೆ!”

“ಓದೋಕೆ ನನಗೆ ನಿಮ್ಮದೊಂದೇ ಪತ್ರಾನಾ?”

“ಅಯ್ಯೋ, ನೀವಿಬ್ಬರೂ ಅಳೀತಾ ಜಗಳಾಡ್ತಾ ನಿಧಾನಕ್ಕೆ ಬನ್ನಿ” ಎಂದು ಹೆಂಡತಿ ಕೈ ಮುಗಿದರು. “ನಾನು ಮುಂದೆ ನಡೀತಿರ್ತೀನಿ. ದಾರಿ ಒಂದೇ ತಾನೆ?”

ದಾರಿ ಒಂದೇ ಆಗಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಇವರಿಬ್ಬರೂ ಕವಲಿಗೆ ಬಂದಾಗ ಅಲ್ಲಿ ಒಂದು ಬಾಣದ ಹಲಗೆ ಒಂದೇ ಮೊಳೆಯ ಮೇಲೆ ಜೋತಾಡುತ್ತಿತ್ತು. ಜಲಪಾತ ಬಲಕ್ಕೆ, ಹಲಗೆ ಎಡಕ್ಕೆ ತೋರಿಸುತ್ತಿತ್ತು. ಉತ್ತರಕ್ಕ ಬೆರಳಲ್ಲಿ ಮುಟ್ಟಿದಳು. ಅದು ಸುಮ್ಮನೆ ಗಿರ್ರನೆ ತಿರುಗಿ ಆಕಾಶ ತೋರಿಸಿತು.

ಅಳತೆಗೋಲು ಬಲಗಡೆ ದಾರಿಯಲ್ಲಿ ಮುಂದೆ ಹೋಗಿ ಕೂಗಿದರು. ಉತ್ತರವಿಲ್ಲ. ಎಡಗಡೆ ಹೋಗಿ ಕೂಗಿದರು. ಅಲ್ಲೂ ಇಲ್ಲ. ಅವರ ಕೂಗು ಮೊದಲು ಗದರಿಸುವ ಹಾಗಿತ್ತು, ಆಮೇಲೆ ಕರೆಯುವ ಹಾಗೆ, ಆಮೇಲೆ ಬೇರೆಯೇ ಆಯಿತು.

“ಫೋನ್ ಮಾಡಿ ಸಾರ್.”

“ಇಬ್ಬರ ಫೋನೂ ಅವಳ ಚೀಲದಲ್ಲಿದೆ.”

“ನಂಬರ್ ಹೇಳಿ, ನನ್ನ ಫೋನಿಂದ ಮಾಡ್ತೀನಿ.”

ಅಳತೆಗೋಲು ಬಾಯಿ ತೆರೆದರು. ದ್ವೀಪದ ಪ್ರತಿ ಮೆಟ್ಟಿಲಿನ ಎತ್ತರ ಗೊತ್ತಿದ್ದ ಮನುಷ್ಯ. “ಅದು... ಒತ್ತಿದ್ರೆ ಹೋಗುತ್ತೆ. ಹೆಸರಿನ ಮೇಲೆ ಒತ್ತಿದ್ರೆ. ನನಗೆ ನೆನಪಿಲ್ಲ ಮೇಡಂ” ಎಂದರು.

ಕವಲಿನ ಪಕ್ಕ ಇಲಾಖೆಯ ಹಳದಿ ಕಂಬ ಇತ್ತು. ಕಾಲುದಾರಿಗಳಲ್ಲೆಲ್ಲ ಅಂಥವು ಇವೆಯೆಂದು ಅವಳು ಕಾಗದದಲ್ಲಿ ಓದಿದ್ದಳು, ನೋಡಿದ್ದು ಇದೇ ಮೊದಲು. ಮೇಲೆ ಕಂಬದ ಸಂಖ್ಯೆ, ಕೆಳಗೆ ‘ತೊಂದರೆಯಾದರೆ ಕರೆ ಮಾಡಿ’, ಅದರ ಕೆಳಗೆ ಕಂಟ್ರೋಲ್ ರೂಮಿನ ನಂಬರ್. ಉತ್ತರಕ್ಕ ಫೋನ್ ತೆಗೆದು ಗಡಬಡಿಸಿ ಒತ್ತಿದಳು. ಪೂರ್ತಿ ಒತ್ತಿದ ಮೇಲೆ ಪರದೆಯ ಮೇಲೆ ಒಂದು ಹೆಸರು ಮೂಡಿತು. ‘ಆಫೀಸ್ ನನ್ನ ಸೀಟು.’

ಒತ್ತಿದ್ದು ತಪ್ಪಿರಬೇಕೆಂದು ಕಂಬ ನೋಡಿ ಅಂಕಿ ಅಂಕಿಯಾಗಿ ಮತ್ತೆ ಒತ್ತಿದಳು. ಅದೇ ಹೆಸರು. ಹನ್ನೊಂದು ವರ್ಷದ ಹಿಂದೆ ಕಂಟ್ರೋಲ್ ರೂಮನ್ನು ಅಂಗಳದಾಚೆಯ ಹೊಸ ಕಟ್ಟಡಕ್ಕೆ ಒಯ್ದಾಗ ಅವರಿಗೆ ಹೊಸ ಲೈನು ಕೊಟ್ಟು, ಹಳೆಯದನ್ನು ಹೊಸದಾಗಿ ಬಂದ ಇವಳ ಮೇಜಿಗೆ ಎಳೆದಿದ್ದರು. ಕಂಬಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಯಾರೋ ಏದುಸಿರು ಬಿಡುತ್ತ ಮಾತು ಶುರುಮಾಡುತ್ತಿದ್ದದ್ದು, ತಾನು ಅರ್ಧಕ್ಕೇ ಇಟ್ಟುಬಿಡುತ್ತಿದ್ದದ್ದು, ಎಲ್ಲ ಅವಳಿಗೆ ಒಮ್ಮೆಗೇ ನೆನಪಾಯಿತು.

ಆರು ಸಲ ರಿಂಗಾದ ಮೇಲೆ ಟಪಾಲು ಗುಮಾಸ್ತ ಎತ್ತಿದ. ಆಕಳಿಕೆ ಕೇಳಿಸಿತು. “ದೂರು ವಿಭಾಗ. ಲಿಖಿತ ರೂಪದಲ್ಲಿ ಕೊಡಿ.”

“ಇಡಬೇಡ! ನಾನು ಕಣೋ, ನಾನು!”

“ಯಾರಾದ್ರೇನಮ್ಮ, ಲಿಖಿತ...”

“ಅಯ್ಯೋ ನಿನ್ನ! ನಾನು ಉತ್ತರಕ್ಕ! ಕಾಡಲ್ಲಿದೀನಿ. ನಮ್ಮ ಜೊತೆ ಬಂದಿದ್ದ ಅಮ್ಮ ಕಾಣ್ತಿಲ್ಲ.”

“ಓ ಉತ್ತರಕ್ಕ! ಧ್ವನಿ ಗುರುತೇ ಸಿಗಲಿಲ್ಲ. ಏನು ಕಾಟ ನೋಡಿ, ಈಗಷ್ಟೇ ಇನ್ಯಾರೋ ಹೆಂಗಸು ಎರಡು ಸಲ ಫೋನ್ ಮಾಡಿದ್ರು. ಕಾಡಲ್ಲಿ ಬಿದ್ದಿದೀನಿ, ಏಳೋಕಾಗ್ತಿಲ್ಲ ಅಂತ. ಲಿಖಿತ ರೂಪದಲ್ಲಿ ಕೊಡಿ ಅಂದೆ. ಬೈದು ಇಟ್ಟರು.”

ಉತ್ತರಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. “ಎಲ್ಲಿದೀನಿ ಅಂದ್ರು? ನೆನಪು ಮಾಡ್ಕೋ. ಎಲ್ಲಿ ಅಂದ್ರು?”

“ಏನೋ ಕಂಬ ಅಂದ್ರು. ಹದಿನಾಲ್ಕು. ಹೌದು, ಹದಿನಾಲ್ಕನೇ ಕಂಬ.”

“ಕಂಟ್ರೋಲ್ ರೂಮಿಗೆ ಓಡು. ಫೋನ್ ಮಾಡಬೇಡ, ಓಡು! ಜಲಪಾತದ ದಾರಿ, ಹದಿನಾಲ್ಕನೇ ಕಂಬಕ್ಕೆ ಸ್ಟ್ರೆಚರ್ ಕಳಿಸೋಕೆ ಹೇಳು.”

ಅವಳು ತಿರುಗುವಷ್ಟರಲ್ಲಿ ಅಳತೆಗೋಲು ಎಡಗಡೆ ದಾರಿ ಹಿಡಿದಾಗಿತ್ತು. “ಹದಿನಾಲ್ಕು ಅಂದ್ರೆ ಇಲ್ಲಿಂದ ಎಂಟುನೂರ ನಲವತ್ತು ಮೀಟರ್, ಹಳ್ಳದ ಪಕ್ಕ, ಇಳಿಜಾರಲ್ಲಿ” ಎನ್ನುತ್ತಲೇ ಓಡಿದರು. ಚಕ್ರ ಕವಲಿನಲ್ಲಿ ಮಗುಚಿ ಬಿದ್ದಿತ್ತು. ಎಪ್ಪತ್ತರ ಹತ್ತಿರದ ಆ ಮನುಷ್ಯ ಬೇರುಗಳ ಮೇಲೆ ಹಾಗೆ ಓಡುವುದನ್ನು ನೋಡಿ ಅವಳಿಗೆ ಇನ್ನೊಂದು ಭಯ ಶುರುವಾಯಿತು. ಇವರೂ ಬಿದ್ದರೆ?

ಹೆಂಡತಿ ಹದಿನಾಲ್ಕನೆಯ ಕಂಬಕ್ಕೆ ಒರಗಿ ಕೂತಿದ್ದರು. ಸೀರೆಯೆಲ್ಲ ಕೆಸರು. ಒಂದು ಮಂಡಿ ಊದಿ ತೆಂಗಿನಕಾಯಿಯಂತಾಗಿತ್ತು. ಮುಖ ಮಾತ್ರ ನೋವಿಗಿಂತ ಹೆಚ್ಚು ಕೋಪದಿಂದ ಕೆಂಪಾಗಿತ್ತು.

“ರೀ, ಲಿಖಿತ ರೂಪದಲ್ಲಿ ಕೊಡಬೇಕಂತೆ ಕಣ್ರೀ” ಎಂದರು ಗಂಡನನ್ನು ಕಂಡವರೇ. “ನನ್ನ ಹತ್ರ ಪೆನ್ನಿರಲಿಲ್ಲ.”

ಅಳತೆಗೋಲು ಕೆಸರಲ್ಲೇ ಕೂತು ಹೆಂಡತಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎದೆ ಹಾರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಉತ್ತರಕ್ಕನ ಕಡೆ ತಲೆ ಎತ್ತಿದರು. “ಮೂವತ್ತೊಂದನೇ ಪತ್ರ” ಎಂದರು. ಗದರಿಸಲಿಲ್ಲ. “ಈ ನಂಬರ್ ಕಂಟ್ರೋಲ್ ರೂಮಿಗೆ ಹೋಗಲ್ಲ, ಯಾರೋ ಹೆಂಗಸು ಎತ್ತಿ ಇಟ್ಟುಬಿಡ್ತಾರೆ ಅಂತ ಬರೆದಿದ್ದೆ. ಎರಡನೇ ಹಾಳೇಲಿತ್ತು.”

ಆ ಹೆಂಗಸು ಉತ್ತರಕ್ಕನೇ. ಹೆಂಡತಿಯ ಪಕ್ಕ ಕೂತು, ಸೆರಗಿನ ತುದಿಯಿಂದ ಅವರ ಮುಖದ ಕೆಸರು ಒರೆಸಿದಳು. “ತಪ್ಪಾಯ್ತು ಅಮ್ಮ” ಎಂದಳು. ಆ ಮಾತು ಅವಳ ಮೂರು ಉತ್ತರಗಳಲ್ಲಿ ಎಲ್ಲೂ ಇರಲಿಲ್ಲ.

“ಆಯ್ತು ಬಿಡು, ಅಳಬೇಡ. ಇಬ್ಬರಲ್ಲಿ ಒಬ್ಬರಾದ್ರೂ ಗಟ್ಟಿಯಾಗಿರಿ” ಎಂದರು ಅವರು.

ಸ್ಟ್ರೆಚರ್ ಬರುವವರೆಗೆ ಕಾಯಲು ಆಗುವಂತಿರಲಿಲ್ಲ. ಮೋಡ ಕಟ್ಟಿತ್ತು, ಹಳ್ಳ ಪಕ್ಕದಲ್ಲೇ ಇತ್ತು. ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಅವರನ್ನು ಕೂರಿಸಿಕೊಂಡು ಹೊರಟರು. ಹತ್ತು ಹೆಜ್ಜೆಗೊಮ್ಮೆ ಇಳಿಸಬೇಕಾಗುತ್ತಿತ್ತು. ಉತ್ತರಕ್ಕನ ಭುಜ ಕಿತ್ತು ಬರುವಂತಾಯಿತು. ಸೊಳ್ಳೆ ಓಡಿಸಲು ಯಾರಿಗೂ ಕೈ ಖಾಲಿಯಿರಲಿಲ್ಲ.

“ಇನ್ನೆಷ್ಟು ದೂರ ಇದೆ ರೀ?” ಎಂದರು ಹೆಂಡತಿ ನೋವಿಗೆ ಹಲ್ಲು ಕಚ್ಚಿ.

“ಗೊತ್ತಿಲ್ಲ” ಎಂದರು ಅಳತೆಗೋಲು. “ಎಣಿಸಲಿಲ್ಲ.”

“ನೋಡಿದ್ಯಾ ಇವರ ವಿಷಯ? ನಲವತ್ತು ವರ್ಷದಿಂದ ಬೇಡ ಬೇಡ ಅಂದ್ರೂ ಹೇಳ್ತಾ ಬಂದ್ರು. ಇವತ್ತು ಒಂದು ದಿನ ಬೇಕು ಅಂತ ಕೇಳಿದ್ರೆ ಗೊತ್ತಿಲ್ಲವಂತೆ!”

ಉತ್ತರಕ್ಕನಿಗೆ ನಗು ಬಂದು ಕೈ ಸಡಿಲವಾಯಿತು. ಮೂವರೂ ಬೀಳುವುದರಲ್ಲಿದ್ದರು. ಕವಲಿನ ಹತ್ತಿರ ಡ್ರೈವರು, ಸ್ಟ್ರೆಚರ್ ಹಿಡಿದ ಇಬ್ಬರು ಎದುರಾದರು.

ಮರುದಿನ ಸಾಹೇಬರು ಕೇಳಿದ ಮೊದಲ ಪ್ರಶ್ನೆ, “ಸಹಿ ಸಿಕ್ತಾ?”

“ಇಲ್ಲ ಸಾರ್.” ಅವಳು ಮೂವತ್ತೊಂದನೆಯ ಪತ್ರದ ಎರಡನೆಯ ಹಾಳೆಯನ್ನು ಅವರ ಮುಂದಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಗಂಭೀರ ವಿಷಯ. ಆದ್ರೆ ಅಷ್ಟೂ ಕಂಬಕ್ಕೆ ಹೊಸ ನಂಬರ್ ಬರೆಸಬೇಕು ಅಂದ್ರೆ ಟೆಂಡರ್ ಆಗಬೇಕು. ಒಂದು ಸಮಿತಿ ಮಾಡೋಣ.”

“ಕಂಬ ಮುಟ್ಟೋದೇ ಬೇಡ ಸಾರ್. ನನ್ನ ಮೇಜಿನ ಲೈನನ್ನ ಕಂಟ್ರೋಲ್ ರೂಮಿಗೆ ಎಳೆದುಬಿಡಿ. ಅಂಗಳ ದಾಟಿದ್ರೆ ಆಯ್ತು.”

“ಆಗ ನಿಮ್ಮ ವಿಭಾಗಕ್ಕೆ ಫೋನೇ ಇರಲ್ವಲ್ಲ?”

“ಇದ್ದು ಏನು ಮಾಡ್ತಿತ್ತು ಸಾರ್?”

ಸಾಹೇಬರು ಕಡತ ಮಂಡಿಸಿ ಎಂದರು. ಕಡತ ಎಷ್ಟು ದಿನ ಎಲ್ಲೆಲ್ಲಿ ಮಲಗುತ್ತದೆಂದು ಉತ್ತರಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಕಡತವನ್ನು ಮಂಡಿಸಿದಳು, ಅದರ ಜೊತೆಗೆ ತಾನೂ ಹೋದಳು. ಕಡತ ಯಾವ ಮೇಜಿನ ಮೇಲಿದೆಯೋ ಆ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಲೆಕ್ಕಪತ್ರದವನು ನಾಳೆ ಬನ್ನಿ ಎಂದರೆ, “ಇಲ್ಲೇ ಇರ್ತೀನಿ, ನಾಳೆ ಆದಾಗ ಹೇಳಿ” ಎಂದಳು. ನಾಲ್ಕನೆಯ ದಿನ ಅವಳ ಕಾಟ ತಾಳಲಾರದೆ ಎಲ್ಲರೂ ಸಹಿ ಹಾಕಿದರು. ಐದನೆಯ ದಿನ ಫೋನಿನವನು ಏಣಿ ತಂದು ವೈರು ಎಳೆದ. ಮೇಜಿನ ಮೇಲೆ ಫೋನಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿಯಿತು. ಹತ್ತು ದಿನದ ಮೇಲೆ, ಜ್ವರ ಬಂದ ಮಗುವನ್ನು ಹೊತ್ತುಕೊಂಡು ದಾರಿ ತಪ್ಪಿದ್ದ ಒಂದು ಕುಟುಂಬವನ್ನು ಮೂರನೆಯ ಕಂಬದ ಹತ್ತಿರದಿಂದ ಕರೆತಂದರೆಂದು ಕಂಟ್ರೋಲ್ ರೂಮಿನವರು ಹೇಳಿದರು. ಅವಳು ಕೇಳಿಸಿಕೊಂಡು ಬಂದು, ಬಾಗಿಲು ಹಾಕಿಕೊಂಡು, ಅರವತ್ತಮೂರು ಪತ್ರಗಳನ್ನೂ ಮೊದಲಿನಿಂದ ಓದಲು ಕೂತಳು, ಎರಡೂ ಹಾಳೆ.

ಹೆಂಡತಿಯ ಮಂಡಿ ಸರಿಹೋಗಲು ಎರಡು ತಿಂಗಳು ಹಿಡಿಯಿತು. ಪ್ರತಿ ಭಾನುವಾರ ಉತ್ತರಕ್ಕ ಅವರ ಮನೆಗೆ ಹೋಗಿ ಬರುತ್ತಿದ್ದಳು. ಮೂರನೆಯ ತಿಂಗಳು ಆಕೆಯೇ ಹಟ ಹಿಡಿದರು, ಜಲಪಾತ ನೋಡಲೇಬೇಕು. ಅಳತೆಗೋಲು ಬೇಡ ಎಂದರು. ಅವರ ಮಾತು ನಡೆಯಲಿಲ್ಲ. ಈ ಸಲ ಜೀಪಿಲ್ಲ, ರಜೆಯ ದಿನ, ಬಸ್ಸಿನಲ್ಲಿ ಹೋದರು. ಅಲ್ಲಲ್ಲಿ ಕೂರುತ್ತ, ಏಳುತ್ತ, ಮೂರು ಗಂಟೆ ನಡೆದು ಬಲಗಡೆ ದಾರಿಯ ತುದಿ ಮುಟ್ಟಿದರು.

ಮಳೆ ಹೋಗಿ ತಿಂಗಳಾಗಿತ್ತು. ಕಪ್ಪು ಬಂಡೆಯ ಮೇಲೆ ನೀರು ಜಡೆಯಷ್ಟು ದಪ್ಪಕ್ಕೆ ಇಳಿದು, ಕೆಳಗೆ ಮೊಣಕಾಲುದ್ದದ ಹೊಂಡದಲ್ಲಿ ಸದ್ದಿಲ್ಲದೆ ಸೇರುತ್ತಿತ್ತು.

“ಇಷ್ಟೇನಾ?” ಎಂದರು ಹೆಂಡತಿ.

“ಇಷ್ಟೇ” ಎಂದರು ಅಳತೆಗೋಲು, ತಮ್ಮದೇ ತಪ್ಪೆಂಬಂತೆ.

“ಇಷ್ಟಕ್ಕೆ ನನ್ನ ಮಂಡಿ ಹೋಯ್ತಾ?”

ಆದರೂ ಆಕೆ ಚಪ್ಪಲಿ ಬಿಟ್ಟು, ಸೀರೆ ಎತ್ತಿಕೊಂಡು ಬಂಡೆಯ ಮೇಲೆ ಕೂತು, ಕಾಲು ನೀರಿಗಿಳಿಸಿದರು. ತಣ್ಣಗಿರಬೇಕು, ಹಾ ಎಂದರು. ಉತ್ತರಕ್ಕನೂ ಪಕ್ಕ ಕೂತಳು. ಅಳತೆಗೋಲು ಸ್ವಲ್ಪ ಹೊತ್ತು ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದು, ಆಮೇಲೆ ಪ್ಯಾಂಟು ಮಡಚತೊಡಗಿದರು.

ಎಷ್ಟು ಹೊತ್ತು ಕೂತರೋ ಯಾರೂ ನೋಡಲಿಲ್ಲ. ಹಾಗಾಗಿ ನಾಲ್ಕರ ಬಸ್ಸು ತಪ್ಪಿತು. ಮುಂದಿನದು ದೊಡ್ಡ ರಸ್ತೆಯಿಂದ ಮಾತ್ರ, ಅಲ್ಲಿಯವರೆಗೆ ನಡೆಯಬೇಕು. ಬಿಸಿಲು ಇಳಿದ ರಸ್ತೆಯಲ್ಲಿ, ಹೊತ್ತು ನೋಡಬೇಕಾಗಿದ್ದದ್ದು ಯಾರ ಕೆಲಸ ಎಂದು ಮೂವರೂ ಒಬ್ಬರ ಮೇಲೊಬ್ಬರು ಹಾಕಿಕೊಳ್ಳುತ್ತ, ಒದ್ದೆ ಚಪ್ಪಲಿ ಪಚಕ್ ಪಚಕ್ ಎನಿಸುತ್ತ ನಡೆದರು.